ಖಾಲಿ ಲೋಟದ ಚಾಯ

ಓಣಂ ರಜೆ ಮುಗಿದು ಶಾಲೆ ಬಾಗಿಲು ತೆರೆದ ದಿನ ನನ್ನ ಕನ್ನಡ ಪೀರಿಯಡ್‌ನಲ್ಲಿ ಒಂದು ಮಾಮೂಲಿ ಕೆಲಸ ಇರುತ್ತದೆ. ‘ರಜೆಯಲ್ಲಿ ನಾನೇನು ಮಾಡಿದೆ’ ಅಂತ ಮಕ್ಕಳಿಂದ ಒಂದು ಪುಟ ಬರೆಸುವುದು. ಮೊದಲ ದಿನವೇ ಪಾಠ ಸುರು ಮಾಡಲು ಮನಸ್ಸಿಲ್ಲದ ಟೀಚರ್‌ಗಳ ಹಳೇ ಉಪಾಯ ಇದು. ಈ ಸಲ ಎಂಟನೇ ಕ್ಲಾಸಿನಿಂದ ಇಪ್ಪತ್ತಾರು ನೋಟ್ ಪುಸ್ತಕ ಬಂತು. ಇಪ್ಪತ್ತಾರರಲ್ಲೂ ಪೂಕಳಂ ಎಂಬ ಹೂವಿನ ರಂಗೋಲಿ, ಅಜ್ಜನಮನೆ, ಬೇಕಲ ಕೋಟೆ, ಹೊಸ ಅಂಗಿ. ಟಿವಿ ಎಂಬ ಎರಡಕ್ಷರ ಒಂದರಲ್ಲೂ ಇಲ್ಲ. ಹತ್ತು ದಿನ ಮನೆಯಲ್ಲೇ ಇದ್ದ ಇಪ್ಪತ್ತಾರು ಮಕ್ಕಳಲ್ಲಿ ಒಬ್ಬರೂ ಟಿವಿ ನೋಡಿಲ್ಲವಂತೆ!

ನಗು ತಡೆದುಕೊಂಡು ಕೂತಿದ್ದೆ. ಮುಂದಿನ ಬೆಂಚಿನ ಹುಡುಗಿಯೊಬ್ಬಳು “ರಜೆಯಲ್ಲಿ ಟೀಚರ್ ಎಂತ ಮಾಡಿದ್ದು?” ಅಂತ ಕೇಳಿಯೇಬಿಟ್ಟಳು. “ಓದಿದೆ, ನಿಮ್ಮ ಓಣಂ ಪರೀಕ್ಷೆಯ ಪೇಪರ್ ತಿದ್ದಿದೆ” ಅಂದೆ. ಆ ಪೇಪರಿನ ಕಟ್ಟು ಹೇಗೆ ಮನೆಗೆ ಹೋಗಿತ್ತೋ ಹಾಗೇ, ರಬ್ಬರ್ ಬ್ಯಾಂಡೂ ಸಡಿಲವಾಗದೆ, ಬ್ಯಾಗಿನಲ್ಲಿ ವಾಪಸು ಬಂದು ಕೂತಿತ್ತು. ಮಕ್ಕಳಿಗೆ ಸುಳ್ಳು ಪ್ರಬಂಧ ಬರೆಯಲು ಕಲಿಸಿದ್ದು ಯಾರು ಅಂತ ಬೇರೆ ಕಡೆ ಹುಡುಕಬೇಕಾಗಿಲ್ಲ.

ಹಾಗಾಗಿ ನನ್ನ ಪುಟವನ್ನು ಇಲ್ಲಿ ಬರೆಯುತ್ತಿದ್ದೇನೆ. ರಜೆಯಲ್ಲಿ ನಾನು ಅಮ್ಮನ ಜೊತೆ ಕೂತು ಟಿವಿ ನೋಡಿದೆ. ಬೆಳಿಗ್ಗೆ ಮೊಬೈಲಿನಲ್ಲಿ ಹಳೆಯದು, ಮಧ್ಯಾಹ್ನ ಊಟ ಆದಮೇಲೆ ಮಲಯಾಳ, ಸಂಜೆ ದೇವರಿಗೆ ದೀಪ ಹಚ್ಚಿದ ಮೇಲೆ ಕನ್ನಡ. ಇಷ್ಟೇ ಮಾಡಿದ್ದು.

ನಮ್ಮ ಮನೆ ಕಾಸರಗೋಡಿನ ಬದಿಯಡ್ಕದಿಂದ ಒಳಗೆ, ಗುಡ್ಡೆ ಇಳಿದರೆ ಸಿಗುವ ಒಂದು ಬೈಲಿನಲ್ಲಿ. ಸುತ್ತ ಅಡಕೆ ತೋಟ. ಅಮ್ಮನಿಗೆ ಎಪ್ಪತ್ತನಾಲ್ಕು. ಮೊಣಕಾಲು ಸೋತಿದೆ, ತೋಟಕ್ಕೆ ಇಳಿಯುವುದು ಬಿಟ್ಟು ಮೂರು ವರ್ಷ ಆಯಿತು. ಮನೆಯಲ್ಲಿ ಹವ್ಯಕ ಕನ್ನಡ, ಕೆಲಸದವರ ಜೊತೆ ತುಳು, ಬಸ್ಸು ರೇಷನ್ ಅಂಗಡಿ ಅಂತೆಲ್ಲ ಮಲಯಾಳ. ಆದರೆ ಮಲಯಾಳದ ಒಂದು ಅಕ್ಷರವೂ ಓದಲು ಬರುವುದಿಲ್ಲ. ಕಾಸರಗೋಡಿನ ಸಭೆಗಳಲ್ಲಿ ಭಾಷಣಕಾರರು ನಮ್ಮ ಊರನ್ನು ‘ಸಪ್ತಭಾಷಾ ಸಂಗಮಭೂಮಿ’ ಅನ್ನುತ್ತಾರಲ್ಲ, ಅದರ ಗೃಹಬಳಕೆಯ ಮಾದರಿ ನಮ್ಮಮ್ಮ.

ಅಮ್ಮ ಟಿವಿ ನೋಡುವ ರೀತಿ ನನಗೆ ಸರಿಯಾಗಿ ಗೊತ್ತಾದದ್ದು ಈ ರಜೆಯಲ್ಲೇ. ಅಷ್ಟು ದಿವಸ ಅವಳು ಕಥೆ ನೋಡುತ್ತಾಳೆ ಅಂದುಕೊಂಡಿದ್ದೆ.

ರಜೆಯ ಎರಡನೇ ದಿನ ಯಾವುದೋ ಕನ್ನಡ ಧಾರಾವಾಹಿ. ಹೆಸರು ಬೇಡ. ದೊಡ್ಡ ಬಂಗಲೆ, ನಡುವೆ ಮೆಟ್ಟಿಲು, ಕೆಳಗೆ ಸೋಫಾ. ಸೋಫಾದಲ್ಲಿ ಮಾವ ಕೂತಿದ್ದಾನೆ, ಸೊಸೆ ಕಾಫಿ ತಂದು ಕೊಟ್ಟಳು, ಮಾವ ಒಂದು ಗುಟುಕು ಕುಡಿದು ‘ಕಾಫಿ ಅಂದ್ರೆ ಇದು’ ಅಂತ ಹೊಗಳಿದ. ಅಮ್ಮ ಅಡಕೆ ಹೋಳು ಮಾಡುತ್ತಿದ್ದವಳು ತಲೆ ಎತ್ತಿ, “ಅದರಲ್ಲಿ ಎಂತದೂ ಇಲ್ಲೆ” ಅಂದಳು.

“ಯಾವುದರಲ್ಲಿ?”

“ಗ್ಲಾಸಿಲಿ. ಬೆಶಿ ಚಾಯ ಆದರೆ ಅಷ್ಟು ಗಟ್ಟಿ ಹಿಡಿತ್ತವಾ? ಕುಡಿವಗ ಗೆಂಟಲು ಹಂದೆಡದಾ?”

ಬಿಸಿ ಲೋಟವನ್ನು ಯಾರಾದರೂ ಅಂಗೈ ಪೂರ್ತಿ ಮುಚ್ಚಿ ಹಿಡಿಯುತ್ತಾರಾ, ಕುಡಿಯುವಾಗ ಗಂಟಲು ಅಲುಗಬೇಡವಾ ಅಂತ ಪ್ರಶ್ನೆ. ಆಮೇಲೆ ನಾನು ಬೇರೆ ಏನನ್ನೂ ನೋಡಲು ಆಗಲಿಲ್ಲ. ನಿಜವಾಗಿಯೂ ಲೋಟ ಖಾಲಿ. ಎತ್ತುವಾಗ ಮಣಿಕಟ್ಟಿಗೆ ಭಾರವೇ ಇಲ್ಲ, ಇಳಿಸುವಾಗ ಚೆಲ್ಲುವ ಹೆದರಿಕೆ ಇಲ್ಲ. ಸೊಸೆ ಟ್ರೇ ಹಿಡಿದು ಹತ್ತು ಹೆಜ್ಜೆ ನಡೆದಳು, ಕಣ್ಣು ಒಮ್ಮೆಯೂ ಟ್ರೇಯ ಕಡೆಗೆ ಹೋಗಲಿಲ್ಲ. ನಾಲ್ಕು ಲೋಟ ಚಾಯ ಹೊತ್ತವರಿಗೆ ಅದು ಸಾಧ್ಯವೇ ಇಲ್ಲ. ನೆಂಟರು ಬಂದ ದಿನ ನಮ್ಮ ಚಾವಡಿಯ ಹೊಸ್ತಿಲು ದಾಟಿ ನೋಡಿ.

ಹೀಗೆ ಒಂದೊಂದೇ ಹೇಳತೊಡಗಿದಳು. ಊರು ಬಿಟ್ಟು ಹೋಗುವ ನಾಯಕಿಯ ಸೂಟ್‌ಕೇಸಿನಲ್ಲಿ ಒಂದು ಸೀರೆಯೂ ಇಲ್ಲ, ಕಿರುಬೆರಳಲ್ಲಿ ಎತ್ತುತ್ತಾಳೆ. ಕೊಡ ಹೊತ್ತವಳ ಸೊಂಟ ವಾಲಿಲ್ಲ, ಅಂದಮೇಲೆ ಕೊಡದಲ್ಲಿ ನೀರಿಲ್ಲ. ತರಕಾರಿ ಹೆಚ್ಚುವವಳು ಒಂದು ಬೀನ್ಸನ್ನೇ ಐದು ನಿಮಿಷ ಹೆಚ್ಚುತ್ತಾಳೆ, ಮಾತು ಮುಗಿಯುವವರೆಗೆ ಬೀನ್ಸೂ ಮುಗಿಯುವುದಿಲ್ಲ. ಅಕ್ಷಯಪಾತ್ರೆಯ ಬೀನ್ಸು.

ಪಾಪ, ನಟರ ತಪ್ಪೂ ಅಲ್ಲ. ವಾರಕ್ಕೆ ಐದಾರು ಕಂತು ಹೋಗಬೇಕು. ಒಂದೇ ಮಾತನ್ನು ದೂರದಿಂದ ಒಮ್ಮೆ, ಹತ್ತಿರದಿಂದ ಒಮ್ಮೆ, ಎದುರಿನವರ ಮುಖದ ಮೇಲೆ ಒಮ್ಮೆ ಅಂತ ಚಿತ್ರಿಸುತ್ತಾರೆ. ಲೋಟದಲ್ಲಿ ನಿಜವಾದ ಕಾಫಿ ಇಟ್ಟರೆ ಮೊದಲ ಶಾಟಿನಲ್ಲಿ ತುಂಬಿದ್ದು ಎರಡನೆಯದರಲ್ಲಿ ಅರ್ಧವಾಗುತ್ತದೆ, ಮೂರನೆಯದರಲ್ಲಿ ಮತ್ತೆ ತುಂಬುತ್ತದೆ. ಅದರ ಲೆಕ್ಕ ಇಡುವುದಕ್ಕಿಂತ ಖಾಲಿ ಲೋಟ ವಾಸಿ. ಮಾತನ್ನೂ ಎಷ್ಟೋ ಸಲ ಕ್ಯಾಮೆರಾದ ಈಚೆ ನಿಂತವರು ಓದಿ ಹೇಳಿಕೊಡುತ್ತಾರೆ, ನಟರು ಅದನ್ನು ಹಿಡಿದು ಒಪ್ಪಿಸುತ್ತಾರೆ. ಇದನ್ನು ಅಮ್ಮನಿಗೆ ವಿವರಿಸಿದೆ. “ಅದು ಗೊಂತಾವುತ್ತು” ಅಂದಳು. “ಮಾತು ಹೇಳುದರಿಂದ ಮದಲು ಕೇಳಿಯೊಂಡಿರ್ತವು.” ಉತ್ತರ ಕೊಡುವ ಮೊದಲು ಅವರ ಮುಖ ಒಂದು ಕ್ಷಣ ಯಾರನ್ನೋ ಕಿವಿಗೊಟ್ಟು ಕೇಳುತ್ತಿರುತ್ತದೆ, ಎದುರು ನಿಂತವರನ್ನಲ್ಲ ಅಂತ ಅವಳ ಅಂಬೋಣ. ಅದಕ್ಕೂ ಮೊದಲು ನಾನು ಗಮನಿಸಿರಲಿಲ್ಲ. ಈಗ ಅದೊಂದು ಕಾಟವಾಗಿದೆ, ಹೋದಲ್ಲಿ ಬಂದಲ್ಲಿ ಕಾಣುತ್ತದೆ.

ಅಮ್ಮನ ಪರೀಕ್ಷೆಯಲ್ಲಿ ಪೂರ್ತಿ ಅಂಕ ತೆಗೆದವರು ಕಡಿಮೆ. ಉಮಾಶ್ರೀಗೆ ಸಿಕ್ಕಿದೆ.

‘ಪುಟ್ಟಕ್ಕನ ಮಕ್ಕಳು’ 2021ರ ಡಿಸೆಂಬರಿನಲ್ಲಿ ಜೀ ಕನ್ನಡದಲ್ಲಿ ಸುರುವಾದಾಗ ನಾನು ಮೂಗು ಮುರಿದಿದ್ದೆ. ಗಂಡ ಬಿಟ್ಟ ಹೆಂಗಸು, ಮೂರು ಹೆಣ್ಣುಮಕ್ಕಳು, ಮೆಸ್ ನಡೆಸಿ ಸಾಕುವುದು. ಎಷ್ಟು ಸಲ ಕೇಳಿದ ಕಥೆ. ಈಗಲೂ ಕಥೆಯ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ, ಅದು ಹಗ್ಗದ ಹಾಗೆ ಎಳೆದಷ್ಟೂ ಬರುತ್ತದೆ. ಆದರೆ ಉಮಾಶ್ರೀ ಸೌಟು ಹಿಡಿದದ್ದು ನೋಡಬೇಕು. ಅನ್ನ ಬಡಿಸುವಾಗ ಎಡಗೈ ಪಾತ್ರೆಯ ಕಂಠವನ್ನು ಸೆರಗಿನ ತುದಿಯಿಂದ ಹಿಡಿಯುತ್ತದೆ, ಬಿಸಿ ತಾಗಬಾರದೆಂದು. ಮಾತು ಮಗಳ ಮದುವೆಯದ್ದು, ಕಣ್ಣು ಎಲೆಯ ಮೇಲೆ. ಯಾರ ಎಲೆಯಲ್ಲಿ ಸಾರು ಮುಗಿಯಿತು ಅಂತ ನೋಡುತ್ತಲೇ ಅಳು ನುಂಗುತ್ತಾರೆ. ಅಮ್ಮ ಒಂದೇ ವಾಕ್ಯದಲ್ಲಿ ಮುಗಿಸಿದಳು: “ಅದಕ್ಕೆ ಬಳುಸಿ ಗೊಂತಿದ್ದು.” ಬಡಿಸಿ ಗೊತ್ತಿದೆ. ನಮ್ಮ ಭಾಷೆಯಲ್ಲಿ ಹೆಂಗಸರನ್ನೆಲ್ಲ ‘ಅದು’ ಅಂತಲೇ ಕರೆಯುವುದು, ತಪ್ಪು ತಿಳಿಯಬೇಡಿ. ರಾಷ್ಟ್ರಪ್ರಶಸ್ತಿ ಬಂದ ನಟಿಯೂ ‘ಅದು’, ನಾನೂ ‘ಅದು’.

ಆ ಕೈಗೆ ಅಭ್ಯಾಸ ಬಂದದ್ದು ಟಿವಿಯಿಂದಲ್ಲ. ದೇವನೂರ ಮಹಾದೇವರ ‘ಒಡಲಾಳ’ ನಾಟಕವಾದಾಗ ಉಮಾಶ್ರೀ ಸಾಕವ್ವ ಆದವರು. ಸಿನಿಮಾದಲ್ಲಿ ಎಷ್ಟೋ ವರ್ಷ ಅವರಿಂದ ಬರೀ ಹಾಸ್ಯ ಮಾಡಿಸಿದರು, ಅದು ನಮ್ಮ ಚಿತ್ರರಂಗದ ದಡ್ಡತನ. ಆಮೇಲೆ ಗಿರೀಶ ಕಾಸರವಳ್ಳಿ ಅವರನ್ನು ‘ಗುಲಾಬಿ ಟಾಕೀಸ್’ಗೆ ಕರೆದರು. ವೈದೇಹಿಯವರ ಕಥೆಯ ಎಳೆ ಹಿಡಿದ ಚಿತ್ರ. ಕಡಲ ಬದಿಯ ಮೀನುಗಾರರ ಊರಿನ ಸೂಲಗಿತ್ತಿ ಗುಲಾಬಿ, ಸಿನಿಮಾ ಅಂದರೆ ಪ್ರಾಣ. ಹೆರಿಗೆ ಮಾಡಿಸಿದ್ದಕ್ಕೆ ಅವಳಿಗೊಂದು ಟಿವಿ ಸಿಗುತ್ತದೆ, ಅದುವರೆಗೆ ಅವಳ ಮನೆಗೆ ಕಾಲಿಡದಿದ್ದ ಕೇರಿಯ ಹೆಂಗಸರು ಒಬ್ಬೊಬ್ಬರೇ ಬಂದು ಕೂರುತ್ತಾರೆ. ನಡುವೆ ಒಂದು ಅವಧಿ ಉಮಾಶ್ರೀ ಕರ್ನಾಟಕದಲ್ಲಿ ಮಂತ್ರಿಯೂ ಆಗಿ ಬಂದರು. ಗುಲಾಬಿಯ ಮನೆಗೆ ಟಿವಿ ಬಂದು ಕೂತಿತ್ತು. ಈಗ ಗುಲಾಬಿಯೇ ಟಿವಿಯೊಳಗೆ ಕೂತು ನಮ್ಮ ಬೈಲಿನ ಮನೆಮನೆಗೆ ಬರುತ್ತಾಳೆ. ಇದನ್ನು ಅಮ್ಮನಿಗೆ ಹೇಳಿದೆ. ಅವಳಿಗೆ ಅಂಥ ವಿಶೇಷವೇನೂ ಕಾಣಲಿಲ್ಲ. “ಕೆಲಸ ಗೊಂತಿಪ್ಪವು ಎಲ್ಲಿ ಹೋದರೂ ಬದುಕುಗು” ಅಂದಳು.

ಗುಲಾಬಿಯ ಮನೆಯ ಹಾಗಿನದ್ದೇ ಒಂದು ಮನೆ ನಮ್ಮ ಬೈಲಿನಲ್ಲೂ ಇತ್ತು. ಅವರ ಕೆಲ್ಟ್ರಾನ್ ಟಿವಿ ಕಪ್ಪು ಬಿಳುಪು, ಮುಂದೆ ಜಾರುವ ಮರದ ಬಾಗಿಲು, ಬಾಗಿಲಿಗೆ ಬೀಗ. 1987ರ ಜನವರಿ 25ಕ್ಕೆ ರಮಾನಂದ ಸಾಗರರ ‘ರಾಮಾಯಣ’ ಸುರುವಾಯಿತು. ಭಾನುವಾರ ಬೆಳಿಗ್ಗೆ ಆ ಮನೆಯ ಚಾವಡಿಯಲ್ಲಿ ಹವ್ಯಕರು, ಬಂಟರು, ಬ್ಯಾರಿಗಳು, ಮಲಯಾಳಿ ಮೇಸ್ತ್ರಿಯ ಸಂಸಾರ, ಕೊಂಕಣಿ ಅಂಗಡಿಯವರು. ಹಿಂದಿ ಮಾತ್ರ ಒಬ್ಬರಿಗೂ ಬಾರದು. ಏಳು ಭಾಷೆ ಗೊತ್ತಿದ್ದ ಊರಿಗೆ ರಾಮ ಎಂಟನೆಯದರಲ್ಲಿ ಮಾತಾಡಲು ಬಂದಿದ್ದ.

ಅಲ್ಲಿ ನಮ್ಮಜ್ಜನ ಪ್ರವೇಶ. ಅಜ್ಜ ತಾಳಮದ್ದಳೆಯಲ್ಲಿ, ಅಂದರೆ ವೇಷವಿಲ್ಲದೆ ಕೂತು ಮಾತಿನಲ್ಲೇ ಆಡುವ ಯಕ್ಷಗಾನದಲ್ಲಿ, ಅರ್ಥ ಹೇಳುತ್ತಿದ್ದವರು, ಹವ್ಯಾಸಕ್ಕೆ. ವಾರವಿಡೀ ತೋಟ, ಶನಿವಾರ ರಾತ್ರಿ ಯಾವುದಾದರೂ ಮನೆಯ ಚಾವಡಿಯಲ್ಲಿ ಕೃಷ್ಣನೋ ಭೀಷ್ಮನೋ. ಅವರಿಗೆ ಹಿಂದಿ ತಿಳಿಯದಿದ್ದರೂ ರಾಮಾಯಣ ತಿಳಿದಿತ್ತಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬ ಹುಟ್ಟಿದ ಕುಂಬಳೆ ಸೀಮೆ ಇದು, ಪಂಚವಟಿಯೂ ವಾಲಿಮೋಕ್ಷವೂ ಇಲ್ಲಿನ ಮಣ್ಣಿನಲ್ಲೇ ಹಾಡಾದದ್ದು ಎಂಬ ಹಮ್ಮು ಬೇರೆ. ಟಿವಿಯಲ್ಲಿ ದಶರಥ ಬಾಯಿ ತೆರೆದರೆ ಚಾವಡಿಯ ಮೂಲೆಯಿಂದ ಅಜ್ಜ ಕನ್ನಡದಲ್ಲಿ ಅರ್ಥ ಸುರು ಮಾಡುತ್ತಿದ್ದರು. ದಶರಥ ಎರಡು ವಾಕ್ಯ ಹೇಳಿ ಸುಮ್ಮನಾದರೂ ಅಜ್ಜನ ದಶರಥ ನಿಲ್ಲುತ್ತಿರಲಿಲ್ಲ. ಅರುಣ್ ಗೋವಿಲ್ ಎಂಬ ರಾಮನ ಮೇಲೆ ಅವರಿಗೆ ಒಂದೇ ದೂರು: “ಇವ ನೆಗೆ ಮಾಡುದು ಮಾಂತ್ರ. ಮಾತಾಡುದು ಏವಗ?” ಬರೀ ನಗುತ್ತಾನೆ, ಮಾತಾಡುವುದು ಯಾವಾಗ ಅಂತ.

ವಾಲಿಯನ್ನು ಕೊಂದ ಭಾನುವಾರ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಮರದ ಮರೆಯಿಂದ ಬಾಣ ಬಂತು, ವಾಲಿ ಬಿದ್ದ, ಏನೋ ಕೇಳಿದ, ರಾಮ ಏನೋ ಹೇಳಿದ, ಮುಗಿಯಿತು. ಅಜ್ಜ ಎದ್ದು ನಿಂತರು. ತಾಳಮದ್ದಳೆಯ ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದ ಕಿವಿ ಅದು. ಬಿದ್ದ ವಾಲಿ ಇಷ್ಟು ಬೇಗ ಒಪ್ಪುವುದುಂಟೇ ಅಂತ ಅವರಿಗೆ ಸಿಟ್ಟು. ಜಾಹೀರಾತು ಬಂದು ಹೋಯಿತು, ವಾರ್ತೆ ಬಂತು, ಯಾರೋ ಟಿವಿ ಆರಿಸಿದರು, ಅಜ್ಜನ ವಾಲಿ ಇನ್ನೂ ಕೇಳುತ್ತಲೇ ಇದ್ದ. ನಾವು ಎಂಟು ವರ್ಷದ ಮಕ್ಕಳು ಹಸಿವೆಯಾಗಿ ಮನೆಗೆ ಓಡಿದೆವು. ಬ್ಯಾರಿ ಮುದುಕರೊಬ್ಬರು ಮಾತ್ರ ಕೊನೆಯ ತನಕ ಕೂತು ಕೇಳಿದರು ಅಂತ ಅಜ್ಜ ಆಮೇಲೆ ಬಹಳ ವರ್ಷ ಹೇಳಿಕೊಂಡು ತಿರುಗಿದರು.

ನಮ್ಮ ಮನೆಗೆ ಟಿವಿ ಬಂದದ್ದು ನಾಲ್ಕು ವರ್ಷ ಕಳೆದು. ಅಂಟೆನಾ ತಿರುಗಿಸಿದ ಕಥೆಯನ್ನು ನನ್ನ ವಯಸ್ಸಿನವರೆಲ್ಲ ಬರೆದಿದ್ದಾರೆ, ಅದನ್ನು ಉದ್ದ ಮಾಡುವುದಿಲ್ಲ. ನಮ್ಮದರಲ್ಲಿ ಒಂದೇ ವ್ಯತ್ಯಾಸ. ಕೊಂಬು ಬಡಗು ದಿಕ್ಕಿಗೆ ತಿರುಗಿದರೆ ಮಂಗಳೂರಿನ ಕನ್ನಡ, ತೆಂಕು ದಿಕ್ಕಿಗೆ ತಿರುಗಿದರೆ ಮಲಯಾಳ. ನಡುವೆ ಎಲ್ಲೋ ನಿಂತರೆ ಒಂದರ ಮೇಲೆ ಇನ್ನೊಂದರ ನೆರಳು. 1956ರ ನವೆಂಬರ್ 1ಕ್ಕೆ ದೊಡ್ಡವರು ಗೆರೆ ಎಳೆದು ನಮ್ಮನ್ನು ಆಚೆ, ಕೇರಳಕ್ಕೆ, ಹಾಕಿದ್ದರ ವಿಷಯ ಶಾಲೆಯಲ್ಲಿ ಕವಿ ಕಯ್ಯಾರ ಕಿಞ್ಞಣ್ಣ ರೈಗಳ ಪದ್ಯದ ಮೂಲಕ ಕಲಿತದ್ದು. ಆದರೆ ಆ ಗೆರೆ ಎಲ್ಲಿ ಹಾದುಹೋಗುತ್ತದೆ ಅಂತ ಕಣ್ಣಿಗೆ ಕಂಡದ್ದು ನಮ್ಮ ಮಾಡಿನ ಮೇಲೆ, ಅಣ್ಣನ ಕೈಯಲ್ಲಿದ್ದ ಅಲ್ಯುಮಿನಿಯಂ ಕೊಳವೆಯಲ್ಲಿ.

ಬಡಗಿನಿಂದ ಬಂದವುಗಳಲ್ಲಿ ಸದಾನಂದ ಸುವರ್ಣರ ‘ಗುಡ್ಡದ ಭೂತ’ ಮರೆಯುವಂಥದ್ದಲ್ಲ. ಈಗ ಇಡೀ ದೇಶಕ್ಕೆ ಗೊತ್ತಿರುವ ಪ್ರಕಾಶ್ ರೈ ಅದರಲ್ಲಿ ಎಳೆ ಹುಡುಗ. ಅದನ್ನು ನೋಡಿ ರಾತ್ರಿ ಬಚ್ಚಲಿಗೆ ಹೋಗಲು ಜೊತೆ ಬೇಕಾಗುತ್ತಿತ್ತು. ಹೆದರಿಕೆಗಿಂತ ಹೆಚ್ಚಾಗಿ, ನಮ್ಮ ಹಾಗಿನ ಹಂಚಿನ ಮನೆ, ನಮ್ಮ ಹಾಗಿನ ಗುಡ್ಡೆ, ನಮ್ಮ ಹಾಗೆಯೇ ಮಾತಾಡುವ ಜನ ಟಿವಿಯಲ್ಲಿ ಬರಬಹುದು ಅಂತ ಮೊದಲ ಬಾರಿ ಗೊತ್ತಾದದ್ದು ಆಗ. ಆಮೇಲೆ 1998ರಲ್ಲಿ ಟಿ.ಎನ್. ಸೀತಾರಾಮ್ ಮತ್ತು ಗೆಳೆಯರ ‘ಮಾಯಾಮೃಗ’. ನಾನು ಆಗ ಕಾಸರಗೋಡು ಸರ್ಕಾರಿ ಕಾಲೇಜಿನಲ್ಲಿ. ಸೀರಿಯಲ್ ನೋಡುತ್ತೇನೆ ಅಂತ ನಾಚಿಕೆ ಇಲ್ಲದೆ ಹೇಳಬಹುದಾದ ಒಂದೇ ಸೀರಿಯಲ್ ಅದಾಗಿತ್ತು, ಮೇಷ್ಟ್ರುಗಳೂ ನೋಡುತ್ತಿದ್ದರಲ್ಲ.

ಈ ರಜೆಯಲ್ಲಿ ಬೆಳಗಿನ ಹೊತ್ತು ನಾವು ನೋಡಿದ್ದು ‘ಮಾಲ್ಗುಡಿ ಡೇಸ್’. ಮೊಬೈಲನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ಇಟ್ಟು. ಶಂಕರ್ ನಾಗ್ ಆಗುಂಬೆಯನ್ನೇ ಮಾಲ್ಗುಡಿ ಮಾಡಿ ತೆಗೆದದ್ದು, ಎಲ್. ವೈದ್ಯನಾಥನ್ ಅವರ ಆ ರಾಗ, ಆರ್.ಕೆ. ಲಕ್ಷ್ಮಣರ ಗೆರೆಗಳು, ಮಾಸ್ಟರ್ ಮಂಜುನಾಥನ ಸ್ವಾಮಿ, ಇವೆಲ್ಲ ಎಲ್ಲರಿಗೂ ಬಾಯಿಪಾಠ. ನಾನು ತಡೆದು ನಿಂತದ್ದು ಮಿಠಾಯಿ ಮಾರುವ ಜಗನ್ ಬಂದಾಗ. ಅನಂತ್ ನಾಗ್ 1948ರಲ್ಲಿ ಹುಟ್ಟಿದವರು, ಅಂದರೆ ಆಗ ನಲವತ್ತೂ ತುಂಬಿರಲಿಲ್ಲ. ಮಾಡಿದ್ದು ಹೆಂಡತಿ ತೀರಿಹೋದ, ಮಗ ಕೈಗೆ ಸಿಗದ ಮುದುಕನ ಪಾತ್ರ. ಜಗನ್ ಮಿಠಾಯಿ ಅಂಗಡಿ ಇಟ್ಟವ, ಆದರೆ ತಾನು ಸಕ್ಕರೆ ಬಿಟ್ಟವ, ಉಪ್ಪೂ ಬಿಟ್ಟವ, ಗಾಂಧಿಯವರ ಅನುಯಾಯಿ. ಮಗ ಅಮೆರಿಕಕ್ಕೆ ಹೋಗಿ ಕಥೆ ಬರೆಯುವ ಯಂತ್ರದ ಯೋಜನೆ ಹೊತ್ತುಕೊಂಡು ಬರುತ್ತಾನೆ. ಹುಡುಗಿಯಾಗಿದ್ದಾಗ ಆ ಯಂತ್ರದ ಮಾತಿಗೆ ಬಿದ್ದು ಬಿದ್ದು ನಕ್ಕಿದ್ದೆ. ಈಗ ನನ್ನ ಕ್ಲಾಸಿನ ಹುಡುಗರು ಸೆಮಿನಾರ್ ಪೇಪರನ್ನು ಫೋನಿನಿಂದ ಬರೆಸಿ ತರುತ್ತಾರೆ, ನಗು ಅಷ್ಟು ಸಲೀಸಾಗಿ ಬರಲಿಲ್ಲ.

ಅನಂತ್ ನಾಗ್ ಮುದುಕನಾಗಲು ದನಿ ನಡುಗಿಸಲಿಲ್ಲ, ಬೆನ್ನು ಬಗ್ಗಿಸಿ ಕುಂಟಲಿಲ್ಲ. ಮಗನ ಎದುರು ಒಂದು ಮಾತು ಬಾಯಿಯವರೆಗೆ ಬಂದು, ಬೇಡ ಅಂತ ಒಳಗೆ ಹೋಗುವುದನ್ನು ಮುಖದಲ್ಲೇ ತೋರಿಸುತ್ತಾರೆ. ಅಮ್ಮ ಸಾಂಬಾರಿಗೆ ಕಾಯಿ ತುರಿಯುವುದು ನಿಲ್ಲಿಸಿ ನೋಡಿದಳು. ನಮ್ಮ ಅಪ್ಪ ಅಣ್ಣನ ಎದುರು ಹಾಗೇ ಇದ್ದರು. ನಾವಿಬ್ಬರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಅಣ್ಣ ಇರುವುದು ಅಮೆರಿಕದಲ್ಲಲ್ಲ, ಬೆಂಗಳೂರಿನಲ್ಲಿ, ಆದರೂ ತೋಟಕ್ಕೆ ಅಷ್ಟೇ ದೂರ.

ಅನಂತ್ ನಾಗ್ ‘ನಮ್ಮವ’ ಅಂತ ಅಮ್ಮನ ವಾದ. ಸುಳ್ಳೂ ಅಲ್ಲ. ಬಾಲ್ಯದ ಒಂದಷ್ಟು ಕಾಲ ಅವರು ಕಳೆದದ್ದು ಹೊಸದುರ್ಗದ, ಅಂದರೆ ಈಗ ಎಲ್ಲರೂ ಕಾಞಂಗಾಡ್ ಅನ್ನುವ ಊರಿನ ಆನಂದಾಶ್ರಮದಲ್ಲಿ. ಸ್ವಾಮಿ ರಾಮದಾಸರು 1931ರಲ್ಲಿ ಕಟ್ಟಿದ ಆಶ್ರಮ, ನಮ್ಮ ಜಿಲ್ಲೆಯದೇ. ಅಷ್ಟೇ ಅಲ್ಲ, 1987ರಲ್ಲಿ ಲೆನಿನ್ ರಾಜೇಂದ್ರನ್ ಅವರ ಮಲಯಾಳ ಚಿತ್ರದಲ್ಲಿ ತಿರುವಾಂಕೂರಿನ ರಾಜ ಸ್ವಾತಿ ತಿರುನಾಳ್ ಆದವರೂ ಇವರೇ. ಕೇರಳದ ಅಷ್ಟು ದೊಡ್ಡ ನಟರ ನಡುವೆ ರಾಜನಾಗಲು ಒಬ್ಬ ಕನ್ನಡಿಗನೇ ಬೇಕಾಯಿತು ಅಂತ ಸ್ಟಾಫ್ ರೂಮಿನಲ್ಲಿ ಒಮ್ಮೆ ಜಂಬ ಕೊಚ್ಚಿ ಬೈಸಿಕೊಂಡಿದ್ದೇನೆ. ಆ ಚಿತ್ರವನ್ನೂ ಈ ಸಲ ಹಾಕಿದೆ. ಎರಡು ನಿಮಿಷ ಆಗುವುದರೊಳಗೆ ಅಮ್ಮ “ಇದು ಅವನ ಸ್ವರ ಅಲ್ಲ” ಅಂದಳು. ನನಗೂ ಹಾಗೇ ಕೇಳಿಸಿತು. “ಕಣ್ಣು ಅವಂದೇ” ಅಂತ ಸಮಾಧಾನ ಮಾಡಿಕೊಂಡು ಪೂರ್ತಿ ನೋಡಿದಳು.

ಇನ್ನು ಮಧ್ಯಾಹ್ನದ ಮಲಯಾಳ. ಇಪ್ಪತ್ತು ವರ್ಷದ ಹಿಂದೆ ಏಷ್ಯಾನೆಟ್‌ನಲ್ಲಿ ‘ಕಡಮಟ್ಟತ್ತು ಕತ್ತನಾರ್’ ಬರುವಾಗ ನಮ್ಮ ಬೈಲಿನಲ್ಲಿ ರಾತ್ರಿ ನಾಯಿ ಬೊಗಳಿದರೂ ಕೇಳುವವರಿರಲಿಲ್ಲ. ಯಕ್ಷಿಯನ್ನು ಹಿಡಿದು ಕಟ್ಟುವ ಪಾದ್ರಿ, ಪ್ರಕಾಶ್ ಪಾಲ್ ಎಂಬ ನಟ. ಅಮ್ಮನಿಗೆ ಆಗ ಅರ್ಧ ಮಾತು ಅರ್ಥವಾಗುತ್ತಿರಲಿಲ್ಲ, ಪಾದ್ರಿಯ ಗಡ್ಡದ ಮೇಲೆ ಮಾತ್ರ ಪೂರ್ತಿ ನಂಬಿಕೆ. ಈಗ ಅವಳ ಅಚ್ಚುಮೆಚ್ಚು ಫ್ಲವರ್ಸ್ ಚಾನೆಲಿನ ‘ಉಪ್ಪುಂ ಮುಳಗುಂ’, ಉಪ್ಪು ಮತ್ತು ಮೆಣಸು. 2015ರ ಕೊನೆಗೆ ಸುರುವಾದದ್ದು. ಹಳೇ ಕಂತುಗಳನ್ನು ಎಷ್ಟು ಸಲ ನೋಡಿದ್ದಾಳೋ. ಒಂದು ಮಾಮೂಲಿ ಮನೆ, ಬಾಲು ಮತ್ತು ನೀಲು ಎಂಬ ಗಂಡ ಹೆಂಡಿರು, ಮುಡಿಯನ್, ಲೆಚ್ಚು, ಕೇಶು, ಶಿವಾನಿ ಎಂಬ ಮಕ್ಕಳು, ಆಮೇಲೆ ಪಾರುಕುಟ್ಟಿ ಎಂಬ ಕೂಸು. ಕಥೆ ಅಂತ ಏನೂ ಇಲ್ಲ. ಗ್ಯಾಸ್ ಮುಗಿಯುತ್ತದೆ, ನೆಂಟರು ಬರುತ್ತಾರೆ, ಅಪ್ಪ ಸಾಲ ಮಾಡಿ ಅಡಗಿ ಕೂರುತ್ತಾನೆ.

ಬಿಜು ಸೋಪಾನಂ ಬಾಲುವಾಗಿ ಊಟಕ್ಕೆ ಕೂತರೆ ಅಮ್ಮ ಟಿವಿಯ ಹತ್ತಿರ ಕುರ್ಚಿ ಎಳೆದುಕೊಳ್ಳುತ್ತಾಳೆ. ಅವ ನಿಜವಾಗಿ ಉಣ್ಣುತ್ತಾನೆ. ಬಾಯಿಯಲ್ಲಿ ತುತ್ತು ಇರುವಾಗಲೇ ಹೆಂಡತಿಗೆ ಉತ್ತರ ಕೊಡುತ್ತಾನೆ, ಮೀನಿನ ಮುಳ್ಳು ತೆಗೆಯಲು ಮಾತು ನಿಲ್ಲಿಸುತ್ತಾನೆ. ಮೀನು ಮುಟ್ಟದ ನಮ್ಮಮ್ಮ ಆ ಮುಳ್ಳು ತೆಗೆಯುವುದನ್ನು ಮೆಚ್ಚಿ ನೋಡುತ್ತಾಳೆ. ನಿಶಾ ಸಾರಂಗ್ ನೀಲುವಾಗಿ ಬಟ್ಟೆ ಒಗೆದು ಹಿಂಡುವಾಗ ನೈಟಿಯ ಮುಂಭಾಗ ಒದ್ದೆಯಾಗಿರುತ್ತದೆ. “ಅದಾ, ಅದು ಕೆಲಸ” ಅನ್ನುತ್ತಾಳೆ ಅಮ್ಮ, ಪ್ರತಿ ಸಲವೂ.

ಬಾಲುವಿನದ್ದು ಅಪ್ಪಟ ತಿರುವನಂತಪುರದ ಮಲಯಾಳ. ನಮ್ಮ ಕಡೆಯ ಮಲಯಾಳವನ್ನು ಆ ಊರಿನವರು ಮಲಯಾಳ ಅಂತ ಒಪ್ಪುವುದೇ ಕಷ್ಟ, ಅವರದ್ದು ನಮಗೂ ಹಾಗೇ. ಅಲ್ಲಿಂದ ವರ್ಗವಾಗಿ ಬಂದ ಸಹೋದ್ಯೋಗಿಯ ಮಾತು ಹಿಡಿಯಲು ನನಗೆ ಆರು ತಿಂಗಳು ಹಿಡಿದಿತ್ತು. ಅಮ್ಮನಿಗೆ ಆ ತೊಂದರೆ ಆಗಲಿಲ್ಲ. ಯಾಕೆಂದರೆ ಬಾಲು ‘ಏನು’ ಅನ್ನುವುದಕ್ಕೆ ‘ಎಂತರ್’ ಅನ್ನುತ್ತಾನೆ. ನಮ್ಮ ಹವ್ಯಕರದ್ದು ‘ಎಂತರ’. ಇದನ್ನು ಮೊದಲು ಕೇಳಿದ ದಿನ ಅಮ್ಮ ನನಗೆ ಫೋನು ಮಾಡಿ, ನಾನು ಇಂಟರ್‌ವಲ್‌ನಲ್ಲಿ ಗಾಬರಿಯಿಂದ ಎತ್ತಿದರೆ, “ಬಾಲು ನಮ್ಮ ಭಾಷೆ ಮಾತಾಡ್ತ ಕೂಸೇ” ಅಂದಿದ್ದಳು.

ಆದರೆ ಕನ್ನಡ ಧಾರಾವಾಹಿಗಳು ನಮ್ಮ ಭಾಷೆ ಮಾತಾಡುವುದಿಲ್ಲ, ಇದೇ ವಿಚಿತ್ರ. ಅವುಗಳದ್ದು ಬೆಂಗಳೂರು ಮೈಸೂರಿನ ‘ಕಣೋ’, ‘ಕಣೇ’. ನಮ್ಮ ಕನ್ನಡದಲ್ಲಿ ಆ ಶಬ್ದವೇ ಇಲ್ಲ. ನನ್ನ ಅಜ್ಜಿ ಬದುಕಿಡೀ ಒಮ್ಮೆಯೂ ‘ಕಣೇ’ ಅಂದಿರಲಿಕ್ಕಿಲ್ಲ. ಈಗ ನಮ್ಮ ಶಾಲೆಯ ಹುಡುಗಿಯರ ಬಾಯಲ್ಲಿ ಅದು ಸಲೀಸು. ಮೊನ್ನೆ ವರಾಂಡದಲ್ಲಿ ಒಬ್ಬಳು ದೊಡ್ಡ ಕ್ಲಾಸಿನವಳಿಗೆ “ಹೌದು ಕಣೇ ಚೇಚಿ” ಅನ್ನುವುದು ಕೇಳಿ ಅಲ್ಲೇ ನಿಂತೆ. ಚೇಚಿ ಅಂದರೆ ಮಲಯಾಳದ ಅಕ್ಕ. ವ್ಯಾಕರಣದ ಟೀಚರ್ ಆಗಿ ತಿದ್ದಬೇಕಿತ್ತೋ ಏನೋ. ಮನೆಯಲ್ಲಿ ತುಳು, ಶಾಲೆಯಲ್ಲಿ ಪುಸ್ತಕದ ಕನ್ನಡ, ಬಸ್ಸಿನಲ್ಲಿ ಮಲಯಾಳ ಆಡುವ ಮಗುವಿಗೆ ಗೆಳತಿಯ ಜೊತೆ ಹರಟಲು ಬೇಕಾದ ಕನ್ನಡವನ್ನು ಕೊಟ್ಟದ್ದು ಸೀರಿಯಲ್ಲು. ನಾನು ಕೊಟ್ಟದ್ದು ಸಂಧಿ ಸಮಾಸ. ಸುಮ್ಮನೆ ಸ್ಟಾಫ್ ರೂಮಿಗೆ ಹೋದೆ.

ಸೀರಿಯಲ್ಲಿನಲ್ಲಿ ಕರಾವಳಿಯವರು ಬರುವುದೇ ಇಲ್ಲ ಅಂತಲ್ಲ. ಬರುತ್ತಾರೆ, ‘ಎಂಥ ಮಾರಾಯ’ ಅಂತ ಸುರು ಮಾಡಿ ಮೀನಿನ ಮಾತಾಡಿ ನಗಿಸಿ ಹೋಗಲು. ನಮ್ಮ ಕನ್ನಡದಲ್ಲಿ ಯಾರಾದರೂ ಅತ್ತದ್ದನ್ನು, ಪ್ರೀತಿಸಿದ್ದನ್ನು, ಆಸ್ತಿ ಪಾಲು ಕೇಳಿದ್ದನ್ನು ನಾನು ಯಾವ ಸೀರಿಯಲ್ಲಿನಲ್ಲೂ ಕಂಡಿಲ್ಲ. ಆಸ್ತಿ ಪಾಲಿನ ಜಗಳವಂತೂ ಬೇಕಾದಷ್ಟಿದೆ, ಬಂದರೆ ತೋರಿಸುತ್ತೇನೆ. ಕೇಬಲ್ಲಿನವನೂ ಅಷ್ಟೇ. ನಮ್ಮ ಪ್ಯಾಕಿನಲ್ಲಿ ಕನ್ನಡ ಚಾನೆಲ್ಲು ಒಂದಿದ್ದರೆ ಇನ್ನೊಂದಿಲ್ಲ, ಕೇಳಿದರೆ “ನೋಡುವವರು ಎಷ್ಟು ಮಂದಿ ಟೀಚರ್” ಅನ್ನುತ್ತಿದ್ದ. ಕೊನೆಗೆ ಡಿಶ್ ಹಾಕಿಸಿದೆ.

2020ರ ಮಾರ್ಚಿನಲ್ಲಿ ಆ ಡಿಶ್ಶಿನ ಬೆಲೆ ಗೊತ್ತಾಯಿತು. ಕೋವಿಡ್ ಸುರುವಿಗೆ ಕಾಸರಗೋಡಿನಲ್ಲೇ ಜೋರು, ತಲಪಾಡಿಯಲ್ಲಿ ಗಡಿ ಮುಚ್ಚಿತು, ಒಳರಸ್ತೆಗಳಿಗೆ ಮಣ್ಣು ಸುರಿದರು. ಮದ್ದಿಗೂ ಮದುವೆಗೂ ಮಂಗಳೂರನ್ನೇ ನಂಬಿದವರು ನಾವು. ಅಮ್ಮನ ಕಣ್ಣಿನ ಆಪರೇಷನ್ ಎಂಟು ತಿಂಗಳು ಮುಂದೆ ಹೋಯಿತು. ಅತ್ತ ಕಡೆಯಿಂದ ತಡೆಯಿಲ್ಲದೆ ಬರುತ್ತಿದ್ದದ್ದು ಟಿವಿ ಮಾತ್ರ. ಆದರೆ ಶೂಟಿಂಗ್ ನಿಂತು ಅಲ್ಲೂ ಹೊಸತೇನೂ ಇರಲಿಲ್ಲ, ಹಿಂದಿಯ ಮಹಾಭಾರತವನ್ನು ಕನ್ನಡಕ್ಕೆ ಡಬ್ ಮಾಡಿ ಹಾಕಿದರು. ಎಷ್ಟೋ ದಶಕ ಡಬ್ಬಿಂಗನ್ನು ಹೊಸ್ತಿಲ ಹೊರಗೇ ನಿಲ್ಲಿಸಿದ್ದ ಕನ್ನಡದಲ್ಲಿ ಅದೊಂದು ಸಂಗತಿಯೇ. ಅಮ್ಮ ಕಣ್ಣಿಗೆ ಪೊರೆ ಬಂದಿದ್ದರೂ ಮೊದಲ ದಿನವೇ ಹಿಡಿದಳು: ತುಟಿ ಒಂದು ಹೇಳುತ್ತದೆ, ಕಿವಿಗೆ ಇನ್ನೊಂದು ಬೀಳುತ್ತದೆ. ಆದರೂ ನೋಡಿದಳು. “ಅಪ್ಪ ಮಾಡಿಯೊಂಡಿದ್ದದೂ ಇದನ್ನೇ ಅಲ್ಲದಾ” ಅಂದಳು. ಅಜ್ಜನ ದಶರಥ ನೆನಪಾದ.

ರಜೆಯ ಕೊನೆಯ ಸಂಜೆ. ನಾನು ಪೇಪರಿನ ಕಟ್ಟನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದೆ, ರಬ್ಬರ್ ಬ್ಯಾಂಡಿನೊಳಗೆ ಬೆರಳು ಹಾಕಿ. ಪುಟ್ಟಕ್ಕ ಯಾರ ಎದುರೋ ನಿಂತು ಏನೋ ದೊಡ್ಡ ಮಾತು ಹೇಳಲು ಉಸಿರು ಎಳೆದುಕೊಂಡರು. ಯಾವ ಗೆಲ್ಲು ಯಾವ ತಂತಿಗೆ ತಾಗಿತೋ, ಕರೆಂಟು ಹೋಯಿತು.

ಕತ್ತಲೆಯಲ್ಲಿ ಸ್ವಲ್ಪ ಹೊತ್ತು ಜೀರುಂಡೆಯ ಸದ್ದು ಮಾತ್ರ. ನಾನು ಮೊಬೈಲಿನ ಟಾರ್ಚು ಹುಡುಕುತ್ತಿದ್ದೆ. ಆಗ ಅಮ್ಮನ ಕುರ್ಚಿಯ ಕಡೆಯಿಂದ ಪುಟ್ಟಕ್ಕ ಮಾತಾಡತೊಡಗಿದಳು. ಹವ್ಯಕ ಕನ್ನಡದಲ್ಲಿ. “ನೀನು ಕೊಟ್ಟದೆಂತರ ಎನಗೆ? ಮೂರು ಮಕ್ಕಳ ಕೊಟ್ಟೆ, ಆತು. ಅಶನ ಕೊಟ್ಟದು ಆನು. ಒಲೆ ಬುಡಲ್ಲಿ ಕೂದ್ದು ಆನು. ಈಗ ಬಂದು ಜೆಗಿಲಿಲಿ ಕೂದು ಚಾಯ ಕೇಳ್ತೆಯಾ?” ದನಿ ಏರಲಿಲ್ಲ. ನಡುವೆ ಒಂದು ಕಡೆ ನಿಲ್ಲಿಸಿದಳು, ಎದುರಿನವನಿಗೆ ಉತ್ತರ ಕೊಡಲು ಜಾಗ ಬಿಟ್ಟ ಹಾಗೆ, ಆಮೇಲೆ ಅವನಿಗೆ ಉತ್ತರವಿಲ್ಲ ಅಂತ ಖಾತ್ರಿ ಮಾಡಿಕೊಂಡು ಮುಂದುವರಿಸಿದಳು. ತಾಳಮದ್ದಳೆಯಲ್ಲಿ ಹೆಂಗಸರನ್ನು ಕೂರಿಸದ ಕಾಲದವಳು ನಮ್ಮಮ್ಮ. ಅಜ್ಜ ಅರ್ಥ ಹೇಳುವಾಗ ಒಳಕೋಣೆಯ ಬಾಗಿಲ ಸಂದಿಯಲ್ಲಿ ನಿಂತು ಕೇಳಿದ್ದು ಅಷ್ಟೇ. ನಾನು ಟಾರ್ಚು ಹಾಕಲಿಲ್ಲ.

ಕರೆಂಟು ಬಂದಾಗ ಚಿನ್ನದಂಗಡಿಯ ಜಾಹೀರಾತು ಓಡುತ್ತಿತ್ತು. ಕಂತು ಮುಗಿದಿತ್ತು. ಉಮಾಶ್ರೀ ಏನು ಹೇಳಿದರು ಅಂತ ಮೊಬೈಲಿನಲ್ಲಿ ಹುಡುಕಿ ತೋರಿಸಲಾ ಅಂತ ಕೇಳಿದೆ.

“ಬೇಡ” ಅಂದಳು ಅಮ್ಮ. “ಎನ್ನದೇ ಲಾಯ್ಕ ಆತು.”